ಎಲ್ಲರಿಗೂ ಬಾಳೆಹಣ್ಣು, ನನಗೆ ಬರೀ ಕಹಿ: ಬಿಯರ್ ಟೇಸ್ಟಿಂಗ್‌ಗೆ ಮತ್ತೆ ಹೋಗುವ ಮುಂಚೆ ಒಂದು ಪ್ರಶ್ನೆ

ಸಂಜೆಗಾಳಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮನೆ ಹತ್ತಿರದ ಬಾರ್ ಒಂದರಲ್ಲಿ ತಿಂಗಳಿಗೊಂದು ಸಲ ಕ್ರಾಫ್ಟ್ ಬಿಯರ್ ಟೇಸ್ಟಿಂಗ್ ಇಡುತ್ತಾರೆ. ಹೋದ ತಿಂಗಳು ಗೆಳತಿ ಕರೆದಳು ಅಂತ ಹೋದೆ. ಐದು ಚಿಕ್ಕ ಲೋಟ ಸಾಲಾಗಿ ಇಟ್ಟರು. ಪಕ್ಕದಲ್ಲಿ ಕೂತವರು ಒಂದನ್ನು ಮೂಸಿ ‘ಬಾಳೆಹಣ್ಣು’ ಅಂದರು. ಇನ್ನೊಂದಕ್ಕೆ ‘ಕಿತ್ತಳೆ ಸಿಪ್ಪೆ’ ಅಂದರು. ಕಪ್ಪಗಿದ್ದದ್ದಕ್ಕೆ ‘ಕಾಫಿ’. ನನಗೆ ಸಿಕ್ಕಿದ್ದು ಕಹಿ, ತಣ್ಣಗಿನ ಗುಟುಕು, ಸ್ವಲ್ಪ ಗ್ಯಾಸ್, ಅಷ್ಟೇ. ಐದೂ ಹೆಚ್ಚುಕಡಿಮೆ ಒಂದೇ ತರ ಇತ್ತು. ಎಲ್ಲರೂ ತಲೆ ಆಡಿಸಿದರು, ನಾನೂ ಆಡಿಸಿದೆ. ಮನೆಗೆ ಬಂದ ಮೇಲೆ ಬೇಜಾರಾಯಿತು.

ಬರುವ ಶುಕ್ರವಾರ ಮತ್ತೆ ಹೋಗಬೇಕು ಅಂತಿದ್ದೇನೆ. ಬಿಯರ್‌ಗೆ ಬಾಳೆಹಣ್ಣು ನಿಜವಾಗಲೂ ಹಾಕಿರುತ್ತಾರಾ? ಅಥವಾ ಅವರವರ ಕಲ್ಪನೆಯಾ? ಬೋರ್ಡ್ ಮೇಲೆ ಐಬಿಯು 60 ಅಂತೆಲ್ಲಾ ಬರೆದಿರುತ್ತಾರಲ್ಲ, ಅದನ್ನು ನೋಡಿ ಏನು ತಿಳಿದುಕೊಳ್ಳಬೇಕು? ಐದು ಲೋಟ ಪೂರ್ತಿ ಕುಡಿದರೆ ನನಗೆ ತಲೆ ಭಾರ ಆಗುತ್ತದೆ. ಬಿಟ್ಟರೆ ತಪ್ಪು ತಿಳಿಯುತ್ತಾರಾ?

ಬಾರ್ಲಿತೆನೆ

ಮೊದಲು ನಿಮ್ಮ ಬೇಜಾರಿನ ವಿಷಯ. ನಿಮ್ಮ ಮೂಗಿಗೆ ಏನೂ ಆಗಿಲ್ಲ. ಆ ವಾಸನೆಗಳು ನಿಜವಾಗಿಯೂ ಲೋಟದಲ್ಲಿ ಇರುತ್ತವೆ. ಅವನ್ನು ಹಿಡಿಯುವ ರೀತಿಯನ್ನು ನಿಮಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ನಾನು ಏಳೆಂಟು ವರ್ಷದಿಂದ ಇಂಥ ರಾತ್ರಿಗಳಿಗೆ ತಪ್ಪದೆ ಹೋಗುತ್ತಿದ್ದೇನೆ. ಮೊದಲ ಮೂರು ಸಲ ನನಗೂ ಕಹಿ ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ.

ನಾಲ್ಕನೇ ಸಲ ಒಬ್ಬ ಬ್ರೂವರ್, ಅಂದರೆ ಬಿಯರ್ ತಯಾರಿಸುವವರು, ಬಂದಿದ್ದರು. ಹೆಚ್ಚು ಮಾತಿನವರಲ್ಲ. ಎಲ್ಲರ ಮುಂದೆ ಎರಡೇ ಲೋಟ ಇಟ್ಟರು. ಒಂದು ತಿಳಿಯಾಗಿತ್ತು, ಇನ್ನೊಂದು ಸ್ವಲ್ಪ ಮಬ್ಬು. ‘ಎರಡಕ್ಕೂ ಒಂದೇ ಧಾನ್ಯ, ಒಂದೇ ನೀರು, ಒಂದೇ ಹಾಪ್ಸ್ ಹೂವು. ಒಂದೇ ಹಂಡೆಯಲ್ಲಿ ಕುದಿಸಿದ್ದು. ಆಮೇಲೆ ಎರಡು ಪಾಲು ಮಾಡಿ ಬೇರೆ ಬೇರೆ ಯೀಸ್ಟ್ ಹಾಕಿದೆ’ ಅಂದರು. ಮೊದಲನೆಯದನ್ನು ಮೂಸಿದೆ. ಬ್ರೆಡ್ಡಿನ ವಾಸನೆ. ಎರಡನೆಯದನ್ನು ಮೂಸಿದೆ. ಬಾಳೆಹಣ್ಣು! ಚೆನ್ನಾಗಿ ಕಳಿತು ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದ ಬಾಳೆಹಣ್ಣು. ಅದರ ಹಿಂದೆ ಇನ್ನೇನೋ ಇತ್ತು. ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ! ಅವತ್ತು ಆ ಲೋಟವನ್ನು ಅರ್ಧ ಗಂಟೆ ಕೈಯಲ್ಲಿ ಹಿಡಿದು ಕೂತಿದ್ದೆ.

ಅಂದರೆ ಬಾಳೆಹಣ್ಣನ್ನು ಯಾರೂ ಹಾಕಿರಲಿಲ್ಲ. ಜರ್ಮನಿಯ ಬವೇರಿಯಾ ಕಡೆಯ, ಗೋಧಿ ಸೇರಿಸಿದ ವೀಟ್ ಬಿಯರ್‌ನ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುವಾಗ ಜೊತೆಗೆ ಐಸೋಅಮೈಲ್ ಅಸಿಟೇಟ್ ಅನ್ನೋ ವಸ್ತುವನ್ನೂ ಮಾಡುತ್ತದೆ. ಕಳಿತ ಬಾಳೆಹಣ್ಣಿಗೆ ಆ ಘಮ ಬರುವುದೂ ಮುಖ್ಯವಾಗಿ ಅದೇ ವಸ್ತುವಿನಿಂದ. ಹಾಗಾಗಿ ನಿಮ್ಮ ಪಕ್ಕದವರು ಹೋಲಿಕೆ ಕೊಡುತ್ತಿರಲಿಲ್ಲ, ಇದ್ದದ್ದನ್ನೇ ಹೇಳುತ್ತಿದ್ದರು. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. 1516ರಲ್ಲಿ ಬವೇರಿಯಾದಲ್ಲಿ ಒಂದು ಕಟ್ಟಳೆ ಬಂತು. ಬಿಯರ್‌ಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ. ಅದರಲ್ಲಿ ಯೀಸ್ಟಿನ ಹೆಸರೇ ಇಲ್ಲ. ಅದೊಂದು ಜೀವಿ, ಅದೇ ಈ ಕೆಲಸವನ್ನೆಲ್ಲಾ ಮಾಡುತ್ತಿದೆ ಅಂತ ಅವರಿಗೆ ತಿಳಿದಿರಲಿಲ್ಲ. ಒಂದೇ ಜಾತಿಯ ಯೀಸ್ಟನ್ನು ಶುದ್ಧವಾಗಿ ಬೇರ್ಪಡಿಸಿ ಬೆಳೆಸಿದ್ದು 1883ರಲ್ಲಿ, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್. ಅದಕ್ಕೂ ಮುಂಚೆ ಎಷ್ಟೋ ವರ್ಷ ಜನ ಬಾಳೆಹಣ್ಣು, ಲವಂಗ ಮೂಸುತ್ತಾ ಕುಡಿದಿದ್ದಾರೆ, ಯಾರು ಮಾಡುತ್ತಿದ್ದಾರೆ ಅಂತ ಗೊತ್ತಿಲ್ಲದೆ.

ಕಿತ್ತಳೆ ಸಿಪ್ಪೆಯ ವಾಸನೆ ಹೆಚ್ಚಾಗಿ ಬರುವುದು ಹಾಪ್ಸ್‌ನಿಂದ. ಅದೊಂದು ಬಳ್ಳಿಯ ಹೂವು. ಹೂವಿನ ಎಸಳು ಬಿಡಿಸಿದರೆ ಒಳಗೆ ಹಳದಿ ಪುಡಿ ಇರುತ್ತದೆ, ಬೆರಳಿಗೆ ಅಂಟುತ್ತದೆ. ಕಹಿ, ಘಮ ಎರಡೂ ಅದರಲ್ಲೇ. ಹೂವನ್ನು ಒಂದು ಗಂಟೆ ಕುದಿಸಿದರೆ ಕಹಿ ಇಳಿಯುತ್ತದೆ, ಘಮ ಆವಿಯಾಗಿ ಹೋಗುತ್ತದೆ. ಕೊನೆಗೆ ಹಾಕಿದರೆ ಘಮ ಉಳಿಯುತ್ತದೆ. 1972ರಲ್ಲಿ ಅಮೆರಿಕದಲ್ಲಿ ಕ್ಯಾಸ್ಕೇಡ್ ಅನ್ನೋ ತಳಿ ಬಂದ ಮೇಲೆ ಅಲ್ಲಿನ ಪೇಲ್ ಏಲ್ ಅನ್ನೋ ತಿಳಿ ಬಣ್ಣದ ಬಿಯರ್‌ಗಳಿಗೆ ಈ ಕಿತ್ತಳೆ, ಚಕ್ಕೋತದ ವಾಸನೆ ಗುರುತಾಗಿಬಿಟ್ಟಿತು. ಕಪ್ಪು ಬಿಯರ್‌ನ ಕಾಫಿ ಇನ್ನೂ ಸುಲಭ. ಕಾಫಿ ಬೀಜ ಹುರಿದ ಹಾಗೆ ಬಾರ್ಲಿಯನ್ನೂ ಕಪ್ಪಗೆ ಹುರಿದಿರುತ್ತಾರೆ.

ಶುಕ್ರವಾರ ಹೀಗೆ ಮಾಡಿ ನೋಡಿ. ಕುಡಿಯುವ ಮುಂಚೆ ಲೋಟದ ಬಾಯಿಗೆ ಅಂಗೈ ಮುಚ್ಚಿ ಒಂದೆರಡು ಸುತ್ತು ತಿರುಗಿಸಿ. ಕೈ ತೆಗೆದ ತಕ್ಷಣ ಚಿಕ್ಕ ಚಿಕ್ಕದಾಗಿ ಎರಡು ಸಲ ಮೂಸಿ. ಉದ್ದಕ್ಕೆ ಎಳೆದರೆ ಮೂಗು ಬೇಗ ಸೋಲುತ್ತದೆ. ಆಮೇಲೆ ಒಂದು ಗುಟುಕು. ನುಂಗಿ, ಬಾಯಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ಇದೊಂದು ಮಾತ್ರ ಮರೆಯಬೇಡಿ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಉಮಾಮಿ (ಅಣಬೆ, ಟೊಮೇಟೊದಲ್ಲಿ ಸಿಗುವ ರುಚಿ), ಅಷ್ಟೇ. ಉಳಿದದ್ದೆಲ್ಲಾ ಗಂಟಲ ಹಿಂದಿನಿಂದ ಮೂಗಿಗೆ ಏರುವ ಗಾಳಿಯಿಂದಲೇ ತಿಳಿಯಬೇಕು. ನಂಬಿಕೆ ಬರದಿದ್ದರೆ ಒಂದು ಗುಟುಕನ್ನು ಮೂಗು ಹಿಡಿದುಕೊಂಡು ಕುಡಿಯಿರಿ, ನುಂಗಿದ ಮೇಲೆ ಬಿಡಿ. ಬಿಟ್ಟ ಕ್ಷಣಕ್ಕೆ ಲೋಟದೊಳಗಿನ ಅರ್ಧ ವಿಷಯ ಒಟ್ಟಿಗೆ ಬರುತ್ತದೆ.

ತಣ್ಣಗಿದ್ದರೆ ವಾಸನೆ ಏಳುವುದಿಲ್ಲ. ನಿಮಗೆ ಐದೂ ಒಂದೇ ತರ ಅನ್ನಿಸಿದ್ದಕ್ಕೆ ಇದೇ ದೊಡ್ಡ ಕಾರಣ ಇರಬಹುದು ಅಂತ ನನ್ನ ಲೆಕ್ಕ. ಲಾಗರ್ ಅನ್ನೋ ತಿಳಿಯಾದ, ಹಗುರ ಬಿಯರ್ 5, 6 ಡಿಗ್ರಿಯಲ್ಲಿ ಚೆನ್ನ. ಸ್ಟೌಟ್‌ಗೆ, ಅಂದರೆ ಆ ಕಪ್ಪು ಬಿಯರ್‌ಗೆ, 10, 12 ಡಿಗ್ರಿಯಾದರೂ ಬೇಕು. ಫ್ರಿಜ್ಜಿನ ಚಳಿಯಲ್ಲಿ ಕೊಟ್ಟರೆ ಲೋಟವನ್ನು ಎರಡೂ ಅಂಗೈ ನಡುವೆ ಹತ್ತು ನಿಮಿಷ ಹಿಡಿದುಕೊಳ್ಳಿ. ಮೊದಲು ಬರೀ ಸುಟ್ಟ ಕಹಿ ಇರುತ್ತದೆ. ಆಮೇಲೆ ಚಾಕೊಲೇಟ್ ಬರುತ್ತದೆ.

ಒಂದೊಂದೇ ಮುಗಿಸಿ ಮುಂದೆ ಹೋಗಬೇಡಿ. ಎರಡು ಲೋಟ ಅಕ್ಕಪಕ್ಕ ಇಟ್ಟುಕೊಂಡು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ ಹೋಗಿ. ಒಂದರಲ್ಲೇ ಹುಡುಕಿದರೆ ಸಿಗದ್ದು ಎರಡರ ನಡುವಿನ ವ್ಯತ್ಯಾಸವಾಗಿ ಸಿಗುತ್ತದೆ. ನನಗೆ ಕಣ್ಣು ತೆರೆಸಿದ್ದೂ ಅದೇ ಅಲ್ವಾ? ಮೂಗು ಸುಸ್ತಾದರೆ ನಿಮ್ಮದೇ ಮೊಣಕೈ ಮಡಿಕೆಯನ್ನು ಮೂಸಿ. ಅಭ್ಯಾಸ ಇರುವವರೆಲ್ಲಾ ಇದನ್ನೇ ಮಾಡುತ್ತಾರೆ. ಅವತ್ತು ಸೆಂಟ್ ಹಾಕಿಕೊಳ್ಳಬೇಡಿ, ಪಕ್ಕದವರಿಗೂ ಕಷ್ಟ.

ಪದಗಳ ಬಗ್ಗೆ ಒಂದು ಮಾತು. ಬೋರ್ಡ್ ಮೇಲೆ ಬರೆದದ್ದನ್ನು ಹುಡುಕಬೇಡಿ. ನಿಮ್ಮ ನೆನಪಿನಲ್ಲಿ ಏನು ಬರುತ್ತದೋ ಅದನ್ನು ಬರೆದುಕೊಳ್ಳಿ. ಒಂದು ಸಲ ನಾನು ನೋಟ್‌ಬುಕ್ಕಿನಲ್ಲಿ ‘ಬಡಗಿಯ ಕೋಣೆ’ ಅಂತ ಬರೆದಿದ್ದೆ. ಹೇಳಲು ಸಂಕೋಚ ಆಗಿತ್ತು. ಕೊನೆಗೆ ಹೇಳಿದೆ. ಬ್ರೂವರ್ ಮುಖ ಅರಳಿತು. ಅದನ್ನು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಟ್ಟಿದ್ದರಂತೆ.

ಐಬಿಯು ಕಹಿಯ ಅಳತೆ. ಲೀಟರಿಗೆ ಎಷ್ಟು ಮಿಲಿಗ್ರಾಂ ಹಾಪ್ಸ್ ಕಹಿ ಇದೆ ಅಂತ ಸುಮಾರಾಗಿ ಹೇಳುತ್ತದೆ. ತೆಳು ಲಾಗರ್ 10ರ ಆಸುಪಾಸು, ಹಾಪ್ಸ್ ಜಾಸ್ತಿ ಹಾಕಿದ ಐಪಿಎ ಅನ್ನೋ ಬಗೆ 40ರಿಂದ 70. ಆದರೆ 60 ಇರುವ ಸ್ಟೌಟ್ ಬಾಯಿಗೆ ಅಷ್ಟು ಕಹಿ ಅನ್ನಿಸುವುದೇ ಇಲ್ಲ, ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿ ಅದನ್ನು ಹೊತ್ತುಕೊಂಡಿರುತ್ತದೆ. ಅದಕ್ಕೇ ಆ ಸಂಖ್ಯೆ ನೋಡಿ ಹೆದರಬೇಡಿ.

ಮೂಸಿನೋಡು

ನಾನು ಕುಡಿಯುವುದಿಲ್ಲ. ಔಷಧಿ ಶುರುವಾದ ಮೇಲೆ ನಾಲ್ಕು ವರ್ಷದಿಂದ ಪೂರ್ತಿ ಬಿಟ್ಟಿದ್ದೇನೆ. ಆದರೂ ಟೇಸ್ಟಿಂಗ್‌ಗೆ ಹೋಗುತ್ತೇನೆ. ತಂಗಿಯ ಲೋಟಗಳನ್ನು ಮೂಸುತ್ತೇನೆ, ಆಮೇಲೆ ಅವಳನ್ನು ಕಾರಿನಲ್ಲಿ ಮನೆಗೆ ಬಿಡುತ್ತೇನೆ. ಇಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿಲ್ಲ. ಹಾಗಾಗಿ ಲೋಟ ಅರ್ಧಕ್ಕೆ ಬಿಟ್ಟರೆ ಯಾರಾದರೂ ಏನಾದರೂ ಅಂದುಕೊಳ್ಳುತ್ತಾರೆ ಅನ್ನೋ ಯೋಚನೆ ಬೇಡ. ಟೇಬಲ್ ಮೇಲೆ ಸುರಿಯಲು ಒಂದು ಜಗ್ ಇಟ್ಟಿರುತ್ತಾರೆ. ಇಲ್ಲದಿದ್ದರೆ ಕೇಳಿ, ಕೊಡುತ್ತಾರೆ.

ಲೆಕ್ಕವನ್ನೂ ಹೇಳುತ್ತೇನೆ, ಜನ ಇಲ್ಲೇ ಮೋಸ ಹೋಗುವುದು. ಚಿಕ್ಕ ಲೋಟ ಅಂದರೂ ಒಂದೊಂದು 120 ಮಿಲಿ ಅಂದುಕೊಳ್ಳಿ. ಐದು ಲೋಟಕ್ಕೆ 600 ಮಿಲಿ. ಎಲ್ಲವೂ 5 ಶೇಕಡಾ ಆಗಿದ್ದರೆ 30 ಮಿಲಿ ಆಲ್ಕೋಹಾಲ್, ತೂಕದಲ್ಲಿ ಸುಮಾರು 24 ಗ್ರಾಂ. ಕೊನೆಯ ಲೋಟ 9, 10 ಶೇಕಡಾ ಇರುವ ಇಂಪೀರಿಯಲ್ ಸ್ಟೌಟ್ ಆಗಿದ್ದರೆ ಆ ಒಂದೇ ಲೋಟ ಎರಡು ಲೋಟಕ್ಕೆ ಸಮ. ದೇಹ ಅದನ್ನು ಕರಗಿಸಲು ಗಂಟೆಗಟ್ಟಲೆ ಬೇಕು. ನೀರು ಕುಡಿದರೆ ಬಾಯಿ ಶುದ್ಧವಾಗುತ್ತದೆ, ರಕ್ತದಲ್ಲಿನ ಆಲ್ಕೋಹಾಲ್ ಅದರಿಂದ ಬೇಗ ಇಳಿಯುವುದಿಲ್ಲ. ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ. ಗಾಡಿಯನ್ನು ಮನೆಯಲ್ಲೇ ಬಿಡಿ.

ಕೌಂಟರ್‌ಹಿಂದೆ

ಬಾರ್ಲಿತೆನೆಯವರು ಹೇಳಿದ್ದೆಲ್ಲಾ ಸರಿ. ನಾನು ಆರು ವರ್ಷ ಟ್ಯಾಪ್ ಹಿಂದೆ ನಿಂತು ಬಿಯರ್ ಸುರಿದವನು. ಒಂದು ವಿಷಯ ಸೇರಿಸುತ್ತೇನೆ. ಎಲ್ಲಾ ವಾಸನೆಯೂ ಬಿಯರ್‌ನದ್ದಲ್ಲ. ಕೆಲವು ನಮ್ಮ ತಪ್ಪಿನ ವಾಸನೆ.

ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಲೋಟ ಸರಿಯಾಗಿ ತೊಳೆದಿಲ್ಲ ಅಂತ ಅರ್ಥ. ಶುದ್ಧ ಲೋಟದಲ್ಲಿ ಗುಳ್ಳೆ ನೇರ ಮೇಲೇರುತ್ತದೆ. ಕುಡಿಯುತ್ತಾ ಹೋದ ಹಾಗೆ ನೊರೆ ಒಂದೊಂದು ಗುಟುಕಿಗೆ ಒಂದೊಂದು ಬಳೆಯ ಹಾಗೆ ಲೋಟಕ್ಕೆ ಅಂಟುತ್ತದೆ. ಆ ಬಳೆಗಳನ್ನು ನೋಡುವುದೇ ನನಗೆ ಖುಷಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್ ಹಳೆಯದು, ಗಾಳಿ ಸೇರಿದೆ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ತರ ಬಂದರೆ ಅದು ಡಯಾಸಿಟೈಲ್ ಅನ್ನೋ ವಸ್ತು. ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲ, ಅಥವಾ ಟ್ಯಾಪಿನ ಪೈಪ್ ಕೊಳೆಯಾಗಿದೆ. ಆ ಪೈಪನ್ನು ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ತಿಂಗಳಾದರೂ ತೊಳೆಯುತ್ತಿರಲಿಲ್ಲ. ಒಳ್ಳೆಯ ಬಿಯರ್ ಮಾಡಿ ಕಳಿಸಿದವರ ಹೆಸರು ನಮ್ಮ ಪೈಪಿನಿಂದ ಹಾಳಾಗುತ್ತಿತ್ತು. ಇವತ್ತಿಗೂ ಅದು ನನಗೆ ನೋವು. ಅದಕ್ಕೇ ಅಲ್ಲಿಂದ ಬಿಟ್ಟೆ.

ಹಾಗಾಗಿ ಏನಾದರೂ ಸರಿ ಇಲ್ಲ ಅನ್ನಿಸಿದರೆ ಸುಮ್ನೆ ಕುಡಿದು ಬರಬೇಡಿ. ‘ಇದು ಹೀಗೇ ಇರಬೇಕಾ?’ ಅಂತ ಮೆಲ್ಲಗೆ ಕೇಳಿ. ಒಳ್ಳೆಯ ಬಾರ್‌ನವರು ತಾವೂ ಒಂದು ಗುಟುಕು ಕುಡಿದು ನೋಡಿ ಉತ್ತರ ಕೊಡುತ್ತಾರೆ.

ಸಂಜೆಗಾಳಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾರ್ಲಿತೆನೆಯವರೇ, ಒಂದು ಚಿಕ್ಕ ಅನುಮಾನ. ಯಾವ ಲೋಟದಿಂದ ಶುರು ಮಾಡಲಿ? ಬಿಳಿಯಿಂದ ಕಪ್ಪಿಗೆ ಹೋಗಬೇಕು ಅಂತ ಗೆಳತಿ ಹೇಳುತ್ತಾಳೆ.

ಬಾರ್ಲಿತೆನೆ

ಬಣ್ಣ ನೋಡಬೇಡಿ. ಕಪ್ಪಗಿದ್ದರೂ ಹಗುರವಾದ ಸ್ಟೌಟ್‌ಗಳಿವೆ. ಬಂಗಾರದ ಬಣ್ಣದ್ದೇ ಆದರೂ 8 ಶೇಕಡಾ ಇರುವ ಬೆಲ್ಜಿಯಂ ಏಲ್‌ಗಳಿವೆ. ಹಗುರದಿಂದ ಗಟ್ಟಿಗೆ, ಕಡಿಮೆ ಕಹಿಯಿಂದ ಜಾಸ್ತಿ ಕಹಿಗೆ ಹೋಗಿ. ಜಾಸ್ತಿ ಹುಳಿ, ಹೊಗೆ ವಾಸನೆ ಇರುವುದನ್ನು ಕೊನೆಗೆ ಇಟ್ಟುಕೊಳ್ಳಿ. ಅದು ಬಾಯಿಗೆ ಬಂದ ಮೇಲೆ ಉಳಿದದ್ದು ಮಂಕಾಗುತ್ತದೆ. ವೀಟ್ ಬಿಯರ್ ಇದ್ದರೆ ಅದನ್ನು ಒಂದು ಲಾಗರ್ ಪಕ್ಕದಲ್ಲೇ ಇಟ್ಟುಕೊಳ್ಳಿ, ದಯವಿಟ್ಟು.

ಸಂಜೆಗಾಳಿ

ಹೋಗಿ ಬಂದೆ. ರಾತ್ರಿಯೇ ಬರೆಯಬೇಕು ಅನ್ನಿಸಿತು.

ನಾಲ್ಕು ಲೋಟ ಇತ್ತು. ನೀವು ಹೇಳಿದ ಹಾಗೆ ವೀಟ್ ಬಿಯರ್ ಮತ್ತು ಪಿಲ್ಸ್ನರ್ (ಅದೂ ಒಂದು ಬಗೆಯ ಲಾಗರ್) ಅಕ್ಕಪಕ್ಕ ಇಟ್ಟೆ. ಮೊದಲ ಐದು ನಿಮಿಷ ಏನೂ ಸಿಗಲಿಲ್ಲ. ಮೂಗು ಹಿಡಿದುಕೊಂಡು ಒಂದು ಗುಟುಕು ನುಂಗಿ, ಬಿಟ್ಟೆ. ಬಂತು. ಬಾಳೆಹಣ್ಣು ಅಂತ ಮೊದಲು ಹೊಳೆಯಲೇ ಇಲ್ಲ. ಚಿಕ್ಕವಳಿದ್ದಾಗ ಶಾಲೆ ಬ್ಯಾಗಿನಲ್ಲಿ ಹಣ್ಣು ಮರೆತು ಎರಡು ದಿನ ಬಿಟ್ಟು ತೆಗೆದಾಗ ಪುಸ್ತಕಕ್ಕೆಲ್ಲಾ ಹತ್ತಿದ ವಾಸನೆ ಅದು. ಗೆಳತಿಯ ಕೈ ಹಿಡಿದು ಎಳೆದು ಮೂಸಿಸಿದೆ.

ಸ್ಟೌಟನ್ನು ಅಂಗೈಯಲ್ಲಿ ಹಿಡಿದು ಕೂತೆ. ಚಾಕೊಲೇಟ್ ನಿಜವಾಗಲೂ ಬಂತು, ನಿಧಾನಕ್ಕೆ. ಎರಡು ಲೋಟ ಅರ್ಧಕ್ಕೆ ಬಿಟ್ಟೆ, ಯಾರೂ ಏನೂ ಅನ್ನಲಿಲ್ಲ. ನಡೆದುಕೊಂಡೇ ಬಂದೆವು.

ನಾಲ್ಕನೆಯದರಲ್ಲಿ ಏನೋ ಇತ್ತು, ಹೆಸರು ಸಿಗಲಿಲ್ಲ. ‘ಬಿಸಿಲಿಗೆ ಒಣಗಿಸಿದ ಹುಲ್ಲು, ಅದರ ಮೇಲೆ ನಿಂಬೆ’ ಅಂತ ಬರೆದುಕೊಂಡಿದ್ದೇನೆ. ಕೇಳೋಣ ಅಂದರೆ ಸುರಿಯುವವರ ಹತ್ತಿರ ಗುಂಪಿತ್ತು. ಹಾಪ್ಸ್ ಇರಬಹುದಾ? ಬೋರ್ಡಿನ ಫೋಟೋ ತೆಗೆದಿದ್ದೇನೆ, ನಾಳೆ ಹಾಕುತ್ತೇನೆ.