ಲಾಕ್‌ಹಾರ್ಟ್ ರಿವರ್ 2005: ತಪ್ಪು ಪೈಲಟ್‌ದಾ, ಕಾಯಬೇಕಾದವರದ್ದಾ?

ಪ್ರಶ್ನೆ: ನಮಸ್ಕಾರ ಸರ್. ನಾನಿರೋದು ಬ್ರಿಸ್ಬೇನ್‌ನಲ್ಲಿ. ಕೆಲಸದ ಮೇಲೆ ಕೇರ್ನ್ಸ್‌ಗೆ ಹೋಗಿ, ಅಲ್ಲಿಂದ ಸಣ್ಣ ವಿಮಾನದಲ್ಲಿ ಆಸ್ಟ್ರೇಲಿಯಾದ ಉತ್ತರ ತುದಿಯ ಕೇಪ್ ಯಾರ್ಕ್ ಕಡೆಗೆ ಹೋಗಬೇಕಿದೆ. ಆಫೀಸಿನಲ್ಲಿ ಒಬ್ಬರು ಅಲ್ಲಿನ ಲಾಕ್‌ಹಾರ್ಟ್ ರಿವರ್ ಅನ್ನೋ ಊರಿನ ಹತ್ತಿರ 2005ರಲ್ಲಿ ಆದ ವಿಮಾನ ಅಪಘಾತದ ವಿಷಯ ಹೇಳಿ ತಲೆಗೆ ಹುಳ ಬಿಟ್ಟಿದ್ದಾರೆ. ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಯದ್ದೂ ತಪ್ಪಿತ್ತಂತೆ. 2004ರಲ್ಲಿ ನಮ್ಮ ಜಕ್ಕೂರಿನಿಂದ ಹಾರಿದ ಸೌಂದರ್ಯ ಅವರ ವಿಮಾನ ಬಿದ್ದ ಹಾಗೆಯೇನಾ ಇದೂ?

ಉತ್ತರ (ವಿಮಾನ ನಿರ್ವಹಣಾ ಎಂಜಿನಿಯರ್): ಎರಡನ್ನೂ ಸೇರಿಸಬೇಡಿ. ಜಕ್ಕೂರಿನದು ಒಂದೇ ಎಂಜಿನ್‌ನ ಸೆಸ್ನಾ, ಮೇಲೇರಿದ ಸ್ವಲ್ಪ ಹೊತ್ತಿಗೇ ಬಿತ್ತು. ಲಾಕ್‌ಹಾರ್ಟ್ ರಿವರ್‌ನಲ್ಲಿ ವಿಮಾನ ಚೆನ್ನಾಗಿಯೇ ಹಾರುತ್ತಿತ್ತು. ಮೋಡದೊಳಗೆ ಇಳಿಯುತ್ತಾ ನೇರವಾಗಿ ಗುಡ್ಡಕ್ಕೆ ಬಡಿಯಿತು.

2005ರ ಮೇ 7. ಬಮಾಗಾದಿಂದ ಲಾಕ್‌ಹಾರ್ಟ್ ರಿವರ್ ಮೂಲಕ ಕೇರ್ನ್ಸ್‌ಗೆ ಹೊರಟ ಮೆಟ್ರೋ 23 ಅನ್ನೋ ಸಣ್ಣ ವಿಮಾನ, ಲಾಕ್‌ಹಾರ್ಟ್ ರಿವರ್‌ನ ರನ್‌ವೇಗೆ ಇನ್ನೂ 11 ಕಿ.ಮೀ. ಇರುವಾಗ ಸೌತ್ ಪ್ಯಾಪ್ ಅನ್ನೋ ಕಾಡುಗುಡ್ಡಕ್ಕೆ ಅಪ್ಪಳಿಸಿತು. ಇಬ್ಬರು ಪೈಲಟ್, 13 ಪ್ರಯಾಣಿಕರು, ಒಬ್ಬರೂ ಉಳಿಯಲಿಲ್ಲ. ಆಸ್ಟ್ರೇಲಿಯಾದಲ್ಲಿ 1968ರ ನಂತರ ಅಷ್ಟು ದೊಡ್ಡ ನಾಗರಿಕ ವಿಮಾನ ದುರಂತ ಆಗಿರಲಿಲ್ಲ.

ಪೈಲಟ್‌ಗಳು ಬಳಸಿದ್ದು ಜಿಪಿಎಸ್ ನೆರವಿನ ಅಪ್ರೋಚ್, ಅಂದರೆ ರನ್‌ವೇ ಕಡೆಗೆ ಇಳಿದು ಬರುವ ಕ್ರಮ. ಮೆಟ್ಟಿಲು ಇಳಿದ ಹಾಗೆ, ಒಂದೊಂದು ಹಂತಕ್ಕೂ ಇಷ್ಟಕ್ಕಿಂತ ಕೆಳಗೆ ಬರಬಾರದು ಅನ್ನೋ ಎತ್ತರ ಇರುತ್ತೆ. ಆದರೆ ಪರದೆ ತೋರಿಸೋದು ರನ್‌ವೇಗೆ ಇರುವ ದೂರವನ್ನಲ್ಲ, ದಾರಿಯಲ್ಲಿ ಗುರುತಿಸಿಟ್ಟ ಮುಂದಿನ ಬಿಂದುವಿಗೆ ಇರುವ ದೂರವನ್ನ. ಆ ಬಿಂದುಗಳ ಹೆಸರುಗಳೂ ಕೊನೆಯ ಅಕ್ಷರ ಬಿಟ್ಟರೆ ಒಂದೇ ಥರ. ನಾವೆಲ್ಲಿದ್ದೀವಿ ಅನ್ನೋ ಲೆಕ್ಕ ತಪ್ಪೋಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಡ! ಇಳಿಯುವಾಗ ವೇಗ ಜಾಸ್ತಿಯಿತ್ತು, ಕನಿಷ್ಠ ಎತ್ತರಕ್ಕಿಂತ ಕೆಳಗೂ ಬಂದಿದ್ದರು. ಸಹಪೈಲಟ್‌ಗೆ ಆ ಬಗೆಯ ಅಪ್ರೋಚ್‌ಗೆ ಬೇಕಾದ ಅರ್ಹತೆಯೇ ಇರಲಿಲ್ಲ.

ಮರುಪ್ರಶ್ನೆ (ಇನ್ನೊಬ್ಬ ಸದಸ್ಯರು): ಹಾಗಿದ್ರೆ ತಪ್ಪು ಪೈಲಟ್‌ಗಳದ್ದೇ ಆಯ್ತಲ್ಲ ಸರ್? ಬೆಟ್ಟಕ್ಕೆ ಗುದ್ದಿದ್ದು ಅವರು. ಸುರಕ್ಷತೆ ನೋಡಿಕೊಳ್ಳೋ ಸರ್ಕಾರಿ ಸಂಸ್ಥೆಯನ್ನ ಯಾಕೆ ಎಳೀತೀರಿ?

ಉತ್ತರ: ನಾನು ಎಳೆದಿದ್ದಲ್ಲ, ಎಟಿಎಸ್‌ಬಿ, ಅಂದರೆ ಅಲ್ಲಿನ ಅಪಘಾತ ತನಿಖಾ ಸಂಸ್ಥೆ, 2007ರ ವರದಿಯಲ್ಲಿ ಹೇಳಿದ್ದು. ಪೈಲಟ್‌ಗಳ ತಪ್ಪನ್ನೂ ಅದು ಮುಚ್ಚಿಟ್ಟಿಲ್ಲ. ಆದರೆ ಅವರನ್ನ ತಯಾರು ಮಾಡಿದ್ದು ಯಾರು ಅಂತಲೂ ಕೇಳಿತು. ಆ ವಿಮಾನ ಹಾರಿಸುತ್ತಿದ್ದ ಟ್ರಾನ್ಸ್‌ಏರ್ ಕಂಪನಿಯಲ್ಲಿ ಹೊಸ ಪೈಲಟ್‌ಗಳಿಗೆ ಜಿಪಿಎಸ್ ಬಳಕೆಯ ಕ್ರಮಬದ್ಧ ತರಬೇತಿ ಇರಲಿಲ್ಲ, ಇಬ್ಬರು ಸೇರಿ ಕಾಕ್‌ಪಿಟ್ ನಡೆಸೋದನ್ನ ಕಲಿಸುವ ವ್ಯವಸ್ಥೆಯೂ ಇರಲಿಲ್ಲ. ಕಂಪನಿಯ ಎಲ್ಲ ಪೈಲಟ್‌ಗಳ ಮೇಲಿರುವ ಮುಖ್ಯ ಪೈಲಟ್ಟೇ ಕಂಪನಿಯ ಮುಖ್ಯಸ್ಥ, ಪೈಲಟ್‌ಗಳಿಗೆ ತರಬೇತಿ ಕೊಟ್ಟು ಪರೀಕ್ಷಿಸೋದೂ ಬಹುಪಾಲು ಅವರೇ, ಸಾಲದ್ದಕ್ಕೆ ಆಗಾಗ ಪಪುವಾ ನ್ಯೂಗಿನಿಯಲ್ಲೂ ಕೆಲಸ. ಏನಾದರೂ ಸರಿಯಿಲ್ಲ ಅನಿಸಿದರೆ ಪಾಪ ಆ ಹುಡುಗರು ಯಾರಿಗೆ ಹೇಳಬೇಕು? ದೂರು ಕೇಳಬೇಕಾದವರೂ ಅವರೇ.

ಇದನ್ನು ಹೊರಗಿನಿಂದ ಹಿಡಿಯಬೇಕಾಗಿದ್ದದ್ದು ವಿಮಾನ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ನಿಯಂತ್ರಕ ಸಂಸ್ಥೆ ಕಾಸಾ. ಅದು ಕಂಪನಿಗೆ ಹೋಗೇ ಇಲ್ಲ ಅಂತಲ್ಲ. ಹೋದ ಇನ್‌ಸ್ಪೆಕ್ಟರ್‌ಗಳಿಗೆ ಆಡಳಿತ ವ್ಯವಸ್ಥೆಯನ್ನ ಹೇಗೆ ಅಳೆಯಬೇಕು ಅನ್ನೋದಕ್ಕೆ ಸಾಕಷ್ಟು ಮಾರ್ಗದರ್ಶನ ಇರಲಿಲ್ಲ. ಪರವಾನಗಿಗೆ ಹೊಸದೇನಾದರೂ ಸೇರಿಸಿ ಅಂತ ಕಂಪನಿ ಅರ್ಜಿ ಹಾಕಿದಾಗ, ಅದರ ಅಪಾಯ ಎಷ್ಟು ಅಂತ ಲೆಕ್ಕ ಹಾಕಿಸುತ್ತಲೂ ಇರಲಿಲ್ಲ, ತಾನೇ ಹಾಕುತ್ತಲೂ ಇರಲಿಲ್ಲ. ಆಡಿಟ್‌ಗಳಲ್ಲಿ ಮೇಜಿನ ಈಚೆ ಕೂತವನಾಗಿ ಹೇಳ್ತೀನಿ: ಫೈಲ್ ಅಚ್ಚುಕಟ್ಟಾಗಿದ್ದರೆ ಅರ್ಧ ಪ್ರಶ್ನೆಗಳು ಬರೋದೇ ಇಲ್ಲ.

ನನ್ನ ವೃತ್ತಿಗೆ ತಾಗೋದು ಇನ್ನೊಂದಿದೆ. ಕಾಕ್‌ಪಿಟ್ ಧ್ವನಿಮುದ್ರಕ ಅಪಘಾತಕ್ಕೆ ಮುಂಚೆಯೇ ಕೆಟ್ಟಿತ್ತು. ಅದು ಪೈಲಟ್‌ಗಳಿಗೂ ಗೊತ್ತಾಗಿರಲಿಲ್ಲ, ಮೇಂಟೆನೆನ್ಸ್‌ನವರಿಗೂ ಗೊತ್ತಾಗಿರಲಿಲ್ಲ. ಹಾಗಾಗಿ ಕೊನೆಯ ನಿಮಿಷಗಳಲ್ಲಿ ಇಬ್ಬರೂ ಏನು ಮಾತಾಡಿಕೊಂಡರು ಅನ್ನೋದು ತನಿಖೆಗೆ ಸಿಗಲೇ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಸರ್. ಭಯ ಇನ್ನೂ ಜಾಸ್ತಿ ಆಯ್ತು 😅 ಹೋಗ್ಲೋ ಬೇಡ್ವೋ?

ಉತ್ತರ: ಹೋಗಿ ಬನ್ನಿ ಮೇಡಂ. ಮುಂದಿರುವ ಗುಡ್ಡವನ್ನ ಮೊದಲೇ ಗುರುತಿಸಿ ಕೂಗಿ ಹೇಳುವ ಸಾಧನವನ್ನ ಇಂಥ ವಿಮಾನಗಳಿಗೆ ಕಡ್ಡಾಯ ಮಾಡುವ ಗಡುವು 2005ರ ಜೂನ್ ಕೊನೆಗಿತ್ತು. ಅಪಘಾತ ಆಗಿದ್ದು ಮೇ ಮೊದಲ ವಾರ, ಆ ವಿಮಾನದಲ್ಲಿ ಇದ್ದದ್ದು ಹಳೇ ಮಾದರಿಯದು. ಈಗ ನೀವು ಹತ್ತುವ ವಿಮಾನ ತೀರಾ ಪುಟ್ಟದಾಗಿದ್ದರೆ ಅದರಲ್ಲಿ ಈ ಸಾಧನ ಇದೆಯಾ ಅಂತ ಕೇಳಿ, ಸಂಕೋಚ ಬೇಡ. ಮತ್ತೆ, ಟಿಕೆಟ್ ಮೇಲಿನ ಹೆಸರನ್ನಷ್ಟೇ ನೋಡಬೇಡಿ. ಅವತ್ತು ಟಿಕೆಟ್ ಮಾರಿದ್ದು ಏರೋ-ಟ್ರಾಪಿಕ್ಸ್, ಹಾರಿಸಿದ್ದು ಟ್ರಾನ್ಸ್‌ಏರ್. ಯಾರ ಪರವಾನಗಿ ಮೇಲೆ ಹಾರ್ತಾ ಇದೆ ಅಂತ ನಿಮ್ಮ ಆಫೀಸಿನ ಟ್ರಾವೆಲ್ ವಿಭಾಗದವರ ಕೈಲಿ ಬರಹದಲ್ಲಿ ಕೇಳಿಸಿ.