ಹಳೆ ಇಟ್ಟಿಗೆ ಮನೆ: ಸೆಕೆ, ಶೀತ (ಗೋಡೆಯ ತೇವ), ಥರ್ಮೋಕೋಲ್ – ಇಂಜಿನಿಯರ್‌ಗೆ ಕೇಳಿ (ಕೋಲಾರ ಗ್ರೂಪ್; ಸದಸ್ಯರ ಹೆಸರಿನ ಬದಲು ಊರು)

ಬಂಗಾರಪೇಟೆ: ಸಾರ್, ತಾತನ ಕಾಲದ ಮನೆ. 14 ಇಂಚು ಗೋಡೆ, ಮಣ್ಣಿನ ಗಾರೆ, ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಸುಣ್ಣದ ಗಾರೆ). ಏಸಿ ತಂಪು ನಿಲ್ಲಲಿ ಅಂತ ಗೋಡೆಗೆ ಒಳಗಡೆ 2 ಇಂಚು ಥರ್ಮೋಕೋಲ್, ಮೇಲೆ ಜಿಪ್ಸಮ್ ಬೋರ್ಡ್ ಹೊಡೆಸಿದ್ವಿ. ಮಳೆಗಾಲ ಮುಗಿಯೋ ಹೊತ್ತಿಗೆ ಬೋರ್ಡಿಗೆ ಕಪ್ಪು ಬೂಷ್ಟು, ಮುಗ್ಗಲು ವಾಸನೆ. ಯಾವ ಪೇಂಟ್ ಹೊಡೀಬೇಕು?

ಇಂಜಿನಿಯರ್: ಪೇಂಟ್ ಆಮೇಲೆ. ತೊಲೆಗಳು ಅದೇ ಗೋಡೆ ಮೇಲೆ ಕೂತಿವೆಯಾ?

ಬಂಗಾರಪೇಟೆ: ಹೂಂ ಸಾರ್, ನಾಲ್ಕು. ತುದಿ ಬೋರ್ಡಿನ ಹಿಂದೆ ಹೋಗಿದೆ.

ಇಂಜಿನಿಯರ್: ಹಾಗಾದ್ರೆ ಬೂಷ್ಟು ಸಣ್ಣ ವಿಷಯ. ಹಳೆ ಗೋಡೆ ಪಾಯದಿಂದ ನೀರು ಹೀರುತ್ತೆ, ಎರಡೂ ಮುಖದಿಂದ ಆರುತ್ತೆ. ಒಳಮುಖ ನೀವು ಮುಚ್ಚಿದ್ರಿ. ಹೊರಗೆ ಸಿಮೆಂಟ್ ಪ್ಲಾಸ್ಟರ್ ಇದ್ದರೆ ತೇವ ಮೇಲಕ್ಕೇ ಹತ್ತಬೇಕು. ಸಾಲದ್ದಕ್ಕೆ ಮಳೆಗಾಲದ ಹಸಿ ಗಾಳಿ ಸಂದಿಯಲ್ಲಿ ನುಸುಳಿ, ಏಸಿಗೆ ತಣ್ಣಗಾದ ಬೋರ್ಡಿನ ಬೆನ್ನಿಗೆ ನೀರಾಗಿ ಕೂರುತ್ತೆ. ತೊಲೆ ತುದಿ ಈ ಎರಡರ ಮಧ್ಯೆ ನೆನೀತಿದೆ.

ಮೊದಲು ಆ ಗೋಡೆಯ ಕರೆಂಟ್ ತೆಗೆಸಿ. ಪ್ರತಿ ತೊಲೆ ಕೆಳಗೆ ಒಂದಡಿ ಚದರ ಬೋರ್ಡ್ ಕತ್ತರಿಸಿ, ಸ್ಕ್ರೂಡ್ರೈವರ್‌ನಿಂದ ಮರ ಚುಚ್ಚಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಕೊಳೆತಿದೆ ಅಂತಲೇ ಲೆಕ್ಕ, ಬೇರೆ ಕೆಲಸ ನಿಲ್ಲಿಸಿ ನನಗೆ ಬರೀರಿ. ಗಟ್ಟಿ ಇದ್ದರೆ ಬೋರ್ಡ್, ಥರ್ಮೋಕೋಲ್ ಎಲ್ಲಾ ಬಿಚ್ಚಿ. ಹೊರಗಡೆ ಮಣ್ಣು ಒಳಗಿನ ನೆಲಕ್ಕಿಂತ 6 ಇಂಚಾದರೂ ಕೆಳಗಿರಬೇಕು. ತಾರಸಿ ನೀರು ಗೋಡೆ ಬುಡಕ್ಕೆ ಬೀಳಬಾರದು. ತೇವದ ಜೊತೆ ಬಂದು ಗೋಡೆಗೆ ಬೆಳ್ಳಗೆ ಕಟ್ಟಿದ ಉಪ್ಪಿನ ಗೆರೆಗಿಂತ ಒಂದಡಿ ಮೇಲಿನವರೆಗೂ ಸಿಮೆಂಟ್ ಕೆತ್ತಿಸಿ. ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ, ತೊಳೀಬೇಡಿ. ತೊಳೆದರೆ ಕರಗಿ ವಾಪಸ್ ಒಳಗೆ ಹೋಗುತ್ತೆ. ಗೋಡೆ ಆರೋದಕ್ಕೆ ಇಂಚಿಗೆ ಸುಮಾರು ಒಂದು ತಿಂಗಳು. ಆಮೇಲೆ 1 ಪಾಲು ಸುಣ್ಣ, 3 ಪಾಲು ಮರಳಿನ ಪ್ಲಾಸ್ಟರ್, ಒಂದೊಂದೂ ಅರ್ಧ ಇಂಚು ಮೀರದಂತೆ ಎರಡು ಕೋಟು, ವಾರ ಒದ್ದೆ ಗೋಣಿಚೀಲ ಹೊದಿಸಿ. ಮೇಲೆ ಸುಣ್ಣ ಮಾತ್ರ. ಪುಟ್ಟಿ, ಎಮಲ್ಷನ್ ಬೇಡ.

ಚಿಂತಾಮಣಿ: ಇಷ್ಟೆಲ್ಲಾ ಯಾಕೆ? ಫಾರ್ವರ್ಡ್ ಮೆಸೇಜ್ ಒಂದು ಬಂದಿತ್ತು: "ಥರ್ಮೋಕೋಲನ್ನು ಪೆಟ್ರೋಲ್‌ನಲ್ಲಿ ಕರಗಿಸಿ ಗೋಡೆಗೆ ಹಚ್ಚಿ, ಜನ್ಮದಲ್ಲಿ ಶೀತ ಬರಲ್ಲ."

ಇಂಜಿನಿಯರ್: ಪೆಟ್ರೋಲ್ ಆವಿಗೆ ಸ್ವಿಚ್ಚಿನ ಕಿಡಿ ಸಾಕು, ಮನೆ ಹೊತ್ತಿಕೊಳ್ಳುತ್ತೆ. ಬದುಕಿದರೂ ಉಳಿಯೋದು ಒಂದು ಪ್ಲಾಸ್ಟಿಕ್ ಪದರ. ಹಿಂದೆ ಉಪ್ಪು ಕಟ್ಟಿ ಚಕ್ಕೆ ಸಮೇತ ಬೀಳುತ್ತೆ. ದಯವಿಟ್ಟು ಡಿಲೀಟ್ ಮಾಡಿ.

ಕೋಲಾರ: ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಕೆರೆಗೆ ಬಂದಮೇಲೆ ಗೋಡೆ ಶೀತ ಜಾಸ್ತಿ ಆಯ್ತಾ ಸಾರ್?

ಇಂಜಿನಿಯರ್: ಕೆರೆ ದೂರೋ ಮೊದಲು ಬಚ್ಚಲ ಪೈಪ್ ನೋಡಿ. ಒಂದಡಿ ಚದರ ಅಲ್ಯೂಮಿನಿಯಂ ಫಾಯಿಲನ್ನ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 2 ದಿನ ಬಿಡಿ. ಹಿಂದುಗಡೆ ನೀರಿದ್ದರೆ ಗೋಡೆಯದ್ದು, ಮುಂದುಗಡೆ ಇದ್ದರೆ ಕೋಣೆ ಗಾಳಿಯದ್ದು.

ಶ್ರೀನಿವಾಸಪುರ: ಪಾಯದ ತೇವ ಮೇಲೆ ಹತ್ತದಿರಲಿ ಅಂತ ಗೋಡೆಗೆ ತೂತು ಕೊರೆದು ಕೆಮಿಕಲ್ ಇಂಜೆಕ್ಷನ್ ಕೊಡ್ತಾರಲ್ಲ, ಮಣ್ಣಿನ ಗಾರೆಗೆ ಆಗುತ್ತಾ?

ಮುಳಬಾಗಿಲು ಮೇಸ್ತ್ರಿ: ಸುಣ್ಣ ಸುಣ್ಣ ಅಂತೀರಿ, ಕಲಸೋರು ಯಾರಿದ್ದಾರೆ? ಸಿಮೆಂಟಿಗೆ ವಾಟರ್‌ಪ್ರೂಫ್ ಪುಡಿ ಹಾಕಿ ಹೊಡೀರಿ, ಮುಗೀತು.

ಮಾಲೂರು: ಹೊಡೆಸಿದ್ವಲ್ಲ. ಎರಡಡಿಯಲ್ಲಿದ್ದ ಉಪ್ಪು ನಾಲ್ಕಡಿಗೆ ಹೋಯ್ತು.

ಮುಳಬಾಗಿಲು ಮೇಸ್ತ್ರಿ: ನಿಮ್ಮೂರ ಇಟ್ಟಿಗೆ ಸರಿಯಿಲ್ಲ ಅಂತ ಹೇಳಿ.

ಮಾಲೂರು: ನಮ್ಮೂರ ಇಟ್ಟಿಗೆ ಇಲ್ದಿದ್ರೆ ನೀವು ಏನಲ್ಲಿ ಗೋಡೆ ಕಟ್ತಿದ್ರಿ? ಹಸಿ ಗೋಡೆ ಮೇಲೆ ಪ್ಲಾಸ್ಟರ್ ಬಳಿದು ದುಡ್ಡು ಎಣಿಸಿಕೊಂಡು ಹೋಗೋರು ನೀವು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಕೆಜಿಎಫ್: ನಮ್ಮದೂ ಮದ್ರಾಸ್ ತಾರಸಿ. ಸೆಕೆಗೆ ಮೇಲೆ 2 ಇಂಚು ಕಾಂಕ್ರೀಟ್ ಹಾಕಿಸಬಹುದಾ?

ಇಂಜಿನಿಯರ್: ಬೇಡ. ಚದರಡಿಗೆ ಸುಮಾರು 11 ಕೆಜಿ. 10×12 ಅಡಿ ಕೋಣೆ ಮೇಲೆ 1,300 ಕೆಜಿಗೂ ಹೆಚ್ಚು ಹೊರೆ, ಸೆಕೆ ಮಾತ್ರ ಹೆಚ್ಚೇನೂ ಕಮ್ಮಿ ಆಗಲ್ಲ. ಬಿರುಕು ಮುಚ್ಚಿ, ನೀರು ನಿಲ್ಲದಂಗೆ ವಾಟ ಸರಿ ಮಾಡಿ, ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಎರಡು ಕೋಟು.

ಚಿಂತಾಮಣಿ: ಒಳಗೋಡೆಗೆ ಥರ್ಮೋಕೋಲ್ ಬದಲು ಫೋಮ್ ಶೀಟ್ ಅಂಟಿಸಿದರೆ?

ಇಂಜಿನಿಯರ್: ಮೇಲೆ ಓದಿ.

ಕೋಲಾರ: ಸಾರ್, ಫೋಮ್ ಶೀಟ್ ಆದರೂ ಪರವಾಗಿಲ್ವಾ?

ಇಂಜಿನಿಯರ್: ಓದಿ ಅಂದೆ.

ಬಂಗಾರಪೇಟೆ: ಸಾರ್, ಚುಚ್ಚಿ ನೋಡಿದ್ವಿ. ಎರಡು ತೊಲೆ ಗಟ್ಟಿ. ಇನ್ನೆರಡರಲ್ಲಿ ಒಂದಿಂಚು ಇಳೀತು, ಪುಡಿ ಉದುರ್ತಿದೆ.

ಇಂಜಿನಿಯರ್: ಆ ಕೋಣೇಲಿ ಯಾರೂ ಮಲಗಬೇಡಿ, ತಾರಸಿ ಮೇಲೂ ಹತ್ತಬೇಡಿ. ಇವತ್ತೇ ಸೆಂಟ್ರಿಂಗ್‌ನವರ ಹತ್ರ ಸ್ಟೀಲ್ ಜಾಕಿ (ತಿರುಗಿಸಿ ಉದ್ದ ಮಾಡೋ ಆಸರೆ ಕಂಬ) ಬಾಡಿಗೆಗೆ ತನ್ನಿ. ಗೋಡೆಯಿಂದ ಒಂದಡಿ ಈಚೆಗೆ, ತೊಲೆಗೊಂದು. ಅಡಿಗೂ ತಲೆಗೂ ದಪ್ಪ ಹಲಗೆ ಕೊಡಿ. ತೊಲೆಗೆ ತಾಗಿ ಬಿಗಿಯಾಗೋವರೆಗೆ ಮಾತ್ರ ತಿರುಗಿಸಿ, ಎತ್ತೋಕೆ ಹೋಗಬೇಡಿ. ಎತ್ತಿದರೆ ತಾರಸಿ ಬಿರಿಯುತ್ತೆ. ನಾನು ನೋಡದೆ ಗೋಡೆ ಕೆತ್ತಿಸಬೇಡಿ.

ಶ್ರೀನಿವಾಸಪುರ: ಇಂಜೆಕ್ಷನ್ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಚಿಂತಾಮಣಿ: ಬೂಷ್ಟಿನ ಪೇಂಟ್ ಹೆಸರೂ ಹೇಳಲಿಲ್ಲ.