ಹುಲ್ಲೋ ಜೇಕೋ: ದಂಟು ಹಿಡಿದು ನೋಡಿದರೆ ಸಾಕೇ?

ವಿದ್ಯಾರ್ಥಿ, ಧಾರವಾಡ:
ಕೆಲಗೇರಿ ಕೆರೆಯ ಅಂಚಿನಲ್ಲಿ ಎಲೆಯೇ ಇಲ್ಲದ, ದುಂಡನೆಯ ಹಸಿರು ದಂಟುಗಳ ಸಸ್ಯವೊಂದು ಗುಂಪಾಗಿ ಬೆಳೆದಿದೆ. ದಂಟು ಮೂರು ಏಣಿನದಾದರೆ ಜೇಕಿನ ಕುಟುಂಬ, ದುಂಡಗಿದ್ದು ಗಿಣ್ಣುಗಳಿದ್ದರೆ ಹುಲ್ಲು, ದುಂಡಗಿದ್ದೂ ಗಿಣ್ಣಿಲ್ಲದಿದ್ದರೆ ಹುಲ್ಲಿನಂತೆಯೇ ಕಾಣುವ ಬೇರೊಂದು ಕುಟುಂಬದ ಜಂಕಸ್ ಎಂದು ಕಲಿತಿದ್ದೇನೆ. ಹಾಗಾದರೆ ಇದು ಜಂಕಸ್ ಅಲ್ಲವೇ?

ಸಸ್ಯಶಾಸ್ತ್ರ ಅಧ್ಯಾಪಕಿ, ಧಾರವಾಡ:
ಅಷ್ಟರಿಂದಲೇ ಹಾಗೆ ಹೇಳಲಾಗದು. ಜೇಕಿನ ಕುಟುಂಬದಲ್ಲಿಯೇ ದುಂಡು ದಂಟಿನವು ಸಾಕಷ್ಟಿವೆ. ತುದಿಯಲ್ಲಿ ಒಂದೇ ಒಂದು ಕಿರುತೆನೆ ನಿಂತಿದ್ದರೆ ಅದು ಬಹುಮಟ್ಟಿಗೆ ಎಲಿಯೋಕ್ಯಾರಿಸ್. ತೆನೆಗಳು ದಂಟಿನ ಪಕ್ಕದಿಂದ ಒಡೆದಂತೆ ಕಂಡರೆ ಶೀನೊಪ್ಲೆಕ್ಟಸ್ ಇರಬಹುದು. ಆದರೆ ಜಂಕಸ್‌ನ ಕೆಲವು ಜಾತಿಗಳೂ ಹಾಗೆಯೇ ಕಾಣುತ್ತವೆ, ಏಕೆಂದರೆ ಎರಡರಲ್ಲಿಯೂ ತೆನೆಯ ಬುಡದ ಎಲೆಯು ದಂಟೇ ಮುಂದುವರಿದಂತೆ ನೆಟ್ಟಗೆ ನಿಂತಿರುತ್ತದೆ. ಅಲ್ಲಿ ಹತ್ತು ಪಟ್ಟಿನ ಲೆನ್ಸ್ ಬೇಕು. ಜಂಕಸ್ ಹೂವಿಗೆ ಆರು ಪುಟ್ಟ ಎಸಳುಗಳಿದ್ದು, ಕಾಯಿಯಲ್ಲಿ ಹಲವು ಬೀಜಗಳಿರುತ್ತವೆ. ಜೇಕಿನಲ್ಲಿ ಪ್ರತಿ ಹೂವಿಗೆ ಒಂದೇ ಹೊಟ್ಟು, ಒಂದೇ ಬೀಜ. ಹುಲ್ಲಿನಲ್ಲಿ ಬೀಜ ಒಂದೇ ಆದರೂ ಹೊಟ್ಟು ಸಾಮಾನ್ಯವಾಗಿ ಎರಡು.

ರೈತ, ಹಾನಗಲ್:
ಮೇಡಂ ಅವರೇ, ಹೂಬಿಡುವವರೆಗೆ ಕಾಯುತ್ತಾ ಕುಳಿತರೆ ಬೆಳೆ ಕೈಬಿಟ್ಟಂತೆಯೇ. ಸೋಯಾಬೀನ್‌ನಲ್ಲಿ ಹುಲ್ಲಿಗೆಂದು ಹೊಡೆಯುವ ಕಳೆನಾಶಕ ಕ್ವಿಜಾಲೋಫಾಪ್‌ಗೆ ಜೇಕು ಸಾಯುವುದಿಲ್ಲ. ಎಡೆಕುಂಟಿ ಹೊಡೆದರೂ ಮೇಲಿನದು ಮಾತ್ರ ಕತ್ತರಿಸಿ ಹೋಗಿ, ನೆಲದೊಳಗಿನ ಗಡ್ಡೆಗಳು ಮತ್ತೆ ಚಿಗುರುತ್ತವೆ. ಆದ್ದರಿಂದ ಎಳೆಯದಿರುವಾಗಲೇ ಗುರುತಿಸಬೇಕು. ಅದಕ್ಕೆ ಬುಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡುವುದೇ ನಮಗೆ ಸಾಕಾಗಿದೆ.

ಅಧ್ಯಾಪಕಿ:
ಹೊಲದ ಮಟ್ಟಿಗೆ ತಮ್ಮ ಮಾತು ಸರಿ. ಆದರೆ ಎಳೆಯ ಜೇಕಿನಲ್ಲಿ ಬೆರಳಿಗೆ ಸಿಗುವುದು ದಂಟಲ್ಲ, ಒಂದರೊಳಗೊಂದು ಸುತ್ತಿಕೊಂಡ ಎಲೆಯ ಒರೆಗಳು. ಮೇಲಿನಿಂದ ನೋಡಿದರೆ ಎಲೆಗಳು ಮೂರು ದಿಕ್ಕಿಗೆ ಚಾಚಿರುತ್ತವೆ. ಹುಲ್ಲಿನಲ್ಲಿ ಎರಡೇ ಸಾಲು. ಒರೆಯೂ ಜೇಕಿನಲ್ಲಿ ಕೊಳವೆಯಂತೆ ಕೂಡಿಕೊಂಡಿದ್ದರೆ, ಹುಲ್ಲಿನಲ್ಲಿ ಹೆಚ್ಚಾಗಿ ಒಂದು ಬದಿಗೆ ಸೀಳಿರುತ್ತದೆ.

ರೈತ, ಹಾನಗಲ್:
ಎಲೆಗಳ ಸಾಲನ್ನು ಒಪ್ಪುತ್ತೇನೆ. ಭತ್ತದ ಗದ್ದೆಯಲ್ಲಂತೂ ದಂಟು ಏನನ್ನೂ ಹೇಳುವುದಿಲ್ಲ, ಬೆಳೆ ಹುಲ್ಲು, ಕಳೆಯೂ ಹುಲ್ಲು. ಎಲೆಯು ಒರೆಯನ್ನು ಬಿಟ್ಟು ಹೊರಳುವಲ್ಲಿ ಭತ್ತಕ್ಕೆ ತೆಳುವಾದ ಬಿಳಿ ಪೊರೆಯಿರುತ್ತದೆ, ಎಕೈನೋಕ್ಲೋವಾ ಕಳೆಗೆ ಇರುವುದಿಲ್ಲ. ಕಳೆ ಕೀಳುವವರಿಗೆ ಇದನ್ನೇ ತೋರಿಸಿಕೊಡುತ್ತೇವೆ.

ಪಕ್ಷಿವೀಕ್ಷಕ, ಗದಗ:
ಟೊಳ್ಳಾಗಿದ್ದರೆ ಮಾತ್ರ ಹುಲ್ಲು ಎಂಬ ಪಾಠವನ್ನೂ ಬಿಡಬೇಕು, ನಮ್ಮ ಜೋಳದ ದಂಟೇ ಒಳಗೆ ತುಂಬಿಕೊಂಡಿರುತ್ತದೆ. ನನ್ನ ತೊಡಕು ಬೇರೆ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಗಿರುವುದರಿಂದ ಅಲ್ಲಿ ಅನುಮತಿಯಿಲ್ಲದೆ ಕಿತ್ತು, ಸೀಳಿ ನೋಡುವಂತಿಲ್ಲ. ಫೋಟೊ ಒಂದೇ ಗತಿ.

ಅಧ್ಯಾಪಕಿ:
ಹಾಗಾದರೆ ಇಡೀ ಗುಡ್ಡ ಹಿನ್ನೆಲೆಯಲ್ಲಿರುವ ಚೆಂದದ ಫೋಟೊ ಬೇಡ. ತೆನೆ, ಒರೆ ಮತ್ತು ಎಲೆ ಸೇರುವ ಜಾಗ, ಬುಡ, ಈ ಮೂರನ್ನು ಅಳತೆಪಟ್ಟಿಯೊಡನೆ ಹತ್ತಿರದಿಂದ ತೆಗೆಯಿರಿ. ಅವುಗಳಿಂದ ಕುಟುಂಬವಷ್ಟೇ ತಿಳಿದರೆ ಕುಟುಂಬದ ಹೆಸರನ್ನೇ ಬರೆದಿಡಿ. ಆ್ಯಪ್ ಕೊಟ್ಟ ಜಾತಿಯ ಹೆಸರನ್ನು ಅದರ ಮುಂದೆ ಸೇರಿಸಬೇಡಿ.